ಜೇಬೆಜ್ ಟ್ರೆಸೈಸ್ ತುಟಿ ಬಿಚ್ಚದೆ ಸತ್ತನಂತೆ

ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಮೂಂಟಾದ ಜೇಬೆಜ್ ಟ್ರೆಸೈಸ್ ಕಲ್ಲಿನಲ್ಲೂ ಕಲ್ಲು ಹುಡುಕುತ್ತಿದ್ದ. ತಾಮ್ರದ ಗಣಿಯಲ್ಲಿ ಅವನ ಕೆಲಸವೇ ಅದು. ಬಂಡೆಯ ಮೇಲೆ ಅಂಗೈ ಇಟ್ಟು, ಕಿವಿ ಇಟ್ಟು, ಅದರ ಕೊಂಕನ್ನು ಹುಡುಕಿ, ಎಲ್ಲಿ ಕುಸಿಯುವಂತಿದೆಯೋ ಅಲ್ಲಿ ಮರದ ಕಂಬ ಕೊಟ್ಟು ನಿಲ್ಲಿಸಬೇಕು. ತೊಂದರೆ ಏನೆಂದರೆ, ಭೂಮಿಯ ಕೆಳಗೆ ದಿನವಿಡೀ ತಪ್ಪು ಹುಡುಕಿದ ಮನುಷ್ಯ ಸಂಜೆ ಮೇಲೆ ಬರುವಾಗ ಗುದ್ದಲಿಯನ್ನು ಕೆಳಗೆ ಬಿಟ್ಟು ಬರುತ್ತಿದ್ದನೇ ಹೊರತು ಅಭ್ಯಾಸವನ್ನು ಬಿಟ್ಟು ಬರುತ್ತಿರಲಿಲ್ಲ. ಪಕ್ಕದ ಮನೆಯ ಲವ್‌ಡೇ ದೊಡ್ಡಮ್ಮನ ಹೊಗೆಗೂಡು ಎಡಕ್ಕೆ ವಾಲಿತ್ತು. ಎದುರು ಮನೆಯವರ ನಾಯಿ ಬೊಗಳುವುದರಲ್ಲಿ ಕ್ರಮವಿರಲಿಲ್ಲ. ಚಾಪೆಲ್ಲಿನ ಉಪದೇಶಕ್ಕೆ ತಲೆ ಇದ್ದರೆ ಬಾಲವಿರಲಿಲ್ಲ. ಇದೆಲ್ಲವನ್ನೂ ಅವನು ದ್ವೇಷದಿಂದ ಹೇಳುತ್ತಿರಲಿಲ್ಲ. ಹವೆ ಹೇಗಿದೆ ಎಂದು ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ.

ಅವನು ಹುಟ್ಟಿದ್ದು ಕಾರ್ನ್‌ವಾಲ್‌ನ ಸೇಂಟ್ ಜಸ್ಟಿನಲ್ಲಿ, ತವರದ ಗಣಿಯ ನೆರಳಿನಲ್ಲಿ. ಅಪ್ಪ ಗಣಿ, ಅಜ್ಜ ಗಣಿ. ಗಣಿಗೆ ಸಮುದ್ರದ ನೀರು ನುಗ್ಗಿ ಕೆಲಸ ನಿಂತಾಗ ಹರೆಯದ ಜೇಬೆಜ್ ಊರಿನ ಅರ್ಧ ಹುಡುಗರಂತೆ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯದ ಮೂಂಟಾಕ್ಕೆ ಬಂದ. ಹಡಗಿನಲ್ಲಿ ಬಡಗಿಯೊಡನೆ ಜಗಳವಾಯಿತಂತೆ. ಹಡಗಿನ ತೊಲೆಗಳ ಜೋಡಣೆ ಸರಿಯಿಲ್ಲವೆಂದು. 'ಹಾಗಾದರೆ ಇಳಿದು ನಡಕೊಂಡು ಹೋಗು' ಎಂದು ಬಡಗಿ ಹೇಳಿದನಂತೆ. ಇದನ್ನು ಜೇಬೆಜ್ ತಾನೇ ಎಲ್ಲರಿಗೂ ಹೇಳುತ್ತಿದ್ದ, ಬಡಗಿಯ ಉತ್ತರದಲ್ಲಿ ತರ್ಕವಿರಲಿಲ್ಲ ಎಂದು ತೋರಿಸುವುದಕ್ಕಾಗಿ.

ಟ್ಯಾಮ್ಸಿನ್ ಅವನನ್ನು ಮೊದಲು ನೋಡಿದ್ದು ಭಾನುವಾರದ ಶಾಲೆಯ ವಾರ್ಷಿಕ ಚಹಾಕೂಟದಲ್ಲಿ. ಕಾರ್ನ್‌ವಾಲ್‌ನಿಂದ ಬಂದು ನೆಲೆಸಿದ ಮೂಂಟಾದ ಕಾರ್ನಿಷ್ ಜನಕ್ಕೆ ಅದು ದೊಡ್ಡ ಹಬ್ಬ. ಮುಖದಷ್ಟು ಅಗಲದ ಕೇಸರಿ ಬನ್ನುಗಳನ್ನು ಬುಟ್ಟಿಯಲ್ಲಿ ಹೊತ್ತು ಹಂಚುವ ಕೆಲಸ ಅವಳದಾಗಿತ್ತು. ಬೇಲಿಗೆ ಒರಗಿ ನಿಂತಿದ್ದ ಉದ್ದನೆಯ ಹುಡುಗನೊಬ್ಬ ಬನ್ನು ಅಗಿಯುತ್ತ ಹುಬ್ಬು ಗಂಟಿಕ್ಕಿದ.

"ಕೇಸರಿ ಕಡಿಮೆ ಆಯ್ತು."

"ಕಡಿಮೆ ಅನ್ನೋನು ಐದನೇದು ಯಾಕಪ್ಪ ತಿಂತಿದ್ದೀಯ?"

"ಮೊದಲ ನಾಲ್ಕರಲ್ಲಿ ಖಾತ್ರಿ ಆಗ್ಲಿಲ್ಲ. ತೀರ್ಪು ಕೊಡೋ ಮುಂಚೆ ಸಾಕ್ಷಿ ಪೂರ್ತಿ ಕೇಳ್ಬೇಕು."

ಆ ವರ್ಷವೇ ಮದುವೆಯಾಯಿತು. ಚಾಪೆಲ್ ತುಂಬಿತ್ತು. ಪಾದ್ರಿಗಳು ಪದ್ಧತಿಯಂತೆ, 'ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು' ಎಂದರು. ಎಲ್ಲ ಮದುವೆಗಳಲ್ಲೂ ಆ ಕ್ಷಣ ಒಂದು ಮೌನವಿರುತ್ತದೆ. ಆ ಮೌನದಲ್ಲಿ ಮದುಮಗನೇ ಕೈಯೆತ್ತಿದ.

"ಒಂದಿದೆ."

ಟ್ಯಾಮ್ಸಿನಳ ತಾಯಿ ಬೆಂಚಿನ ಮೇಲೆ ಕುಸಿದಳು. ಪಾದ್ರಿಗಳ ಕನ್ನಡಕ ಮೂಗಿನಿಂದ ಜಾರಿತು.

"ಆ ಕಿಟಕಿ ಮುಚ್ಚಿಸಿ," ಎಂದ ಜೇಬೆಜ್. "ಹುಡುಗಿ ಕತ್ತಿಗೆ ಗಾಳಿ ಹೊಡೀತಿದೆ. ಆಮೇಲೆ ಮುಂದುವರಿಸಿ."

ಲವ್‌ಡೇ ದೊಡ್ಡಮ್ಮ ಮುಂದೆ ಎಷ್ಟೋ ವರ್ಷ ಈ ಕಥೆಯನ್ನು ಹೇಳುತ್ತಿದ್ದಳು. "ಆವತ್ತೇ ಅಂದ್ಕೊಂಡೆ ಕಣೇ, ಹುಡುಗ ಚಿನ್ನ. ಆದ್ರೆ ಟ್ಯಾಮ್ಸಿನ್ ಕಿವಿಗೆ ಹತ್ತಿ ಇಟ್ಕೋಬೇಕು ಅಂತ."

ಮಕ್ಕಳಾಗಲಿಲ್ಲ. ಆದ ಕಾರಣ ಮನೆಯೊಳಗಿನ ತಪ್ಪುಗಳ ಭಾರವೆಲ್ಲ ಟ್ಯಾಮ್ಸಿನ್ ಒಬ್ಬಳ ಮೇಲೆ ಬಿತ್ತು. ದಿನವೂ ಗಂಡನ ಗಣಿಯ ಊಟಕ್ಕೆ ಅವಳು ಪಾಸ್ಟಿ ಮಾಡಿ ಕೊಡುತ್ತಿದ್ದಳು. ಅದು ನಮ್ಮ ಕರ್ಜಿಕಾಯಿಗೆ ಹಿರಿಯಣ್ಣನಂತಹ ತಿಂಡಿ. ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಅಂಚು ಹೆಣೆದು ಬೇಯಿಸಿದ್ದು. ಸಂಜೆ ಮನೆಗೆ ಬಂದವನು ಬೂಟು ಕಳಚುವುದಕ್ಕಿಂತ ಮುಂಚೆ ಅದರ ವಿಮರ್ಶೆ ಮಾಡುತ್ತಿದ್ದ. ಅಂಚು ದಪ್ಪವಾಯಿತು, ಮೆಣಸು ಹೆದರಿಕೊಂಡು ಹಾಕಿದಂತಿತ್ತು, ಈರುಳ್ಳಿ ಒಂದು ಮೂಲೆಯಲ್ಲಿ ಸಭೆ ಸೇರಿತ್ತು. ಪೂರ್ತಿ ತಿಂದಿರುತ್ತಿದ್ದ, ಒಂದು ದಿನವೂ ಉಳಿಸಿದವನಲ್ಲ. ಟ್ಯಾಮ್ಸಿನ್ ಕೂಡ ಸುಮ್ಮನಿರುವ ಹೆಂಗಸಲ್ಲ. "ನಾಳೆ ಬಂಡೆ ಕಟ್ಟಿ ಕಳಿಸ್ತೀನಿ, ಅದರಲ್ಲಿ ತಪ್ಪು ಹುಡುಕಿದ್ರೆ ಸಂಬಳಾನಾದ್ರೂ ಬರುತ್ತೆ" ಎನ್ನುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ ಅವರು ಬಹಳ ಸುಖವಾಗಿದ್ದರು.

ಆಮೇಲೆ ಯುರೋಪಿನಲ್ಲಿ ಯುದ್ಧ ಬಂತು. ಊರಿನ ಹುಡುಗರು ಬ್ಯಾಂಡು ಬಾರಿಸಿಕೊಂಡು ಹೋದರು. ಜೇಬೆಜನಿಗೆ ಆಗ ನಲವತ್ತಾರು ವರ್ಷ; ಯುದ್ಧ ಅವನ ತಂಟೆಗೆ ಬರುವಂತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಮೀನು ಸುತ್ತಿ ತಂದ ಪತ್ರಿಕೆಯಲ್ಲಿ ಅವನೊಂದು ಚಿತ್ರ ನೋಡಿದ. ಸೈನ್ಯದವರು ನೆಲದಡಿಯಲ್ಲಿ ತೋಡಿದ ಸುರಂಗದ ಬಾಯಲ್ಲಿ ಇಬ್ಬರು ಅಧಿಕಾರಿಗಳು ನಗುತ್ತ ನಿಂತಿದ್ದರು. ಜೇಬೆಜ್ ಅಧಿಕಾರಿಗಳನ್ನು ನೋಡಲಿಲ್ಲ. ಅವರ ಹಿಂದಿದ್ದ ಕಂಬವನ್ನು ನೋಡಿದ.

"ಟ್ಯಾಮಿ, ಈ ಕಂಬ ನಿಲ್ಲಿಸಿದೋನು ಯಾವನು?"

"ನಂಗೇನು ಗೊತ್ತು? ನಾನಲ್ಲ."

"ಇದರ ಕೆಳಗೆ ಹುಡುಗ್ರು ಮಲಗ್ತಾರೆ ಕಣೇ."

ಅಂದಿನಿಂದ ಊಟ ರುಚಿಸಲಿಲ್ಲ. ಎಷ್ಟೆಂದರೆ, ಊಟದಲ್ಲಿ ತಪ್ಪು ಹೇಳುವುದನ್ನೂ ಮರೆತ. ಟ್ಯಾಮ್ಸಿನಳಿಗೆ ಭಯವಾಗಿ ಅವನ ಹಣೆ ಮುಟ್ಟಿ ನೋಡಿದಳು. ವಾರದ ಕೊನೆಗೆ ಅವನು ಹೇಳಿದ:

"ಗಣಿಯವರನ್ನ ಸುರಂಗ ತೋಡೋಕೆ ಕರೀತಿದ್ದಾರಂತೆ, ವಯಸ್ಸಾದ್ರೂ ಪರವಾಗಿಲ್ವಂತೆ. ಹೋಗಿ ಅದನ್ನ ಸರಿಮಾಡಿ ಬರ್ತೀನಿ."

"ಒಂದು ಕಂಬಕ್ಕೋಸ್ಕರ ಸಮುದ್ರ ದಾಟ್ತೀಯಾ, ಮುದುಕ?"

"ಒಂದೇ ಆಗಿದ್ರೆ ಕಾಗದ ಬರೀತಿದ್ದೆ. ಹಿಂದೆ ಇನ್ನೂ ನಾಲ್ಕು ಕಾಣ್ತಿವೆ ನೋಡು."

ತಪಾಸಣೆಯ ವೈದ್ಯರು ಅವನ ಬಾಯಿ ನೋಡಿ, ಹಲ್ಲು ಸಾಲದು ಎಂದರಂತೆ. "ಜರ್ಮನರನ್ನ ಕಚ್ಚೋಕೆ ಹೋಗ್ತಿಲ್ಲ ಡಾಕ್ಟ್ರೇ" ಎಂದು ಹೇಳಿ, ವೈದ್ಯರ ಮೇಜಿನ ಕಾಲು ಅಲ್ಲಾಡುತ್ತಿರುವುದನ್ನೂ ಅವರ ಗಮನಕ್ಕೆ ತಂದು, ಸೈನ್ಯಕ್ಕೆ ಸೇರಿಬಿಟ್ಟ. ಅವನ ಜೊತೆ ಅವನ ಗಣಿಯ ಜೋಡಿಗಾರ ಸ್ಯಾಮ್ಸನ್ ಕರ್ನೋ ಕೂಡ ಹೊರಟ. ಹೆಸರು ಮಾತ್ರ ಸ್ಯಾಮ್ಸನ್. ಬೈಬಲ್ಲಿನ ಸ್ಯಾಮ್ಸನ್ನನಂತೆ ಕಂಬ ಕಿತ್ತು ಗುಡಿ ಉರುಳಿಸುವುದಿರಲಿ, ಊರುಗೋಲು ಮುರಿಯುವ ತೋಳೂ ಅವನಿಗಿರಲಿಲ್ಲ. ಜೇಬೆಜ್ ಏನು ಹೇಳಿದರೂ 'ಹೌದಣ್ಣ' ಎನ್ನುವುದು ಅವನ ಸ್ವಭಾವ. ಅದರಿಂದಲೇ ಆ ಜೋಡಿ ಅಷ್ಟು ದಿನ ಬಾಳಿತ್ತು.

ರೈಲು ನಿಲ್ದಾಣದಲ್ಲಿ ಹೇಳಬೇಕೆಂದು ಟ್ಯಾಮ್ಸಿನ್ ಕೆಲವು ಒಳ್ಳೆಯ ಮಾತುಗಳನ್ನು ಕಲಿತುಕೊಂಡು ಹೋಗಿದ್ದಳು. ಬಾಯಿ ತೆರೆಯುವುದರೊಳಗೆ ರೈಲು ಕದಲಿತು. ಜೇಬೆಜ್ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕೂಗಿದ:

"ಟ್ಯಾಮಿ! ಹಿತ್ತಲ ನೀರಿನ ತೊಟ್ಟಿ ಮುಚ್ಚಳ ಸರಿಯಾಗಿ ಕೂತಿಲ್ಲ! ಕಪ್ಪೆ ಬೀಳುತ್ತೆ!"

ಅವಳು ದಾರಿಯುದ್ದಕ್ಕೂ ಕೋಪದಿಂದ ಕುದಿಯುತ್ತ ಮನೆಗೆ ಬಂದಳು. ತೊಟ್ಟಿಯಲ್ಲಿ ಕಪ್ಪೆ ಬಿದ್ದಿತ್ತು. ಅವಳ ಕೋಪ ಇನ್ನೂ ಹೆಚ್ಚಾಯಿತು.

ಬೆಲ್ಜಿಯಂನಿಂದ ಅವನ ಕಾರ್ಡುಗಳು ಬರುತ್ತಿದ್ದವು. ಚಹಾಕ್ಕೆ ಸೀಮೆಎಣ್ಣೆಯ ವಾಸನೆ. ಈ ದೇಶದಲ್ಲಿ ನೆಲವೆಂಬುದೇ ಇಲ್ಲ, ಇರುವುದೆಲ್ಲ ಗಂಜಿ. ಬೂಟುಗಳೆರಡೂ ಬಲಗಾಲಿನವು. ಕಂಬಗಳನ್ನು ಸರಿಮಾಡಿದೆ, ಅಧಿಕಾರಿಯೊಬ್ಬ ಬಂದು ಮತ್ತೆ ಕೆಡಿಸಿದ, ಅವನಿಗೆ ಹೇಳಬೇಕಾದ್ದನ್ನು ಹೇಳಿದ್ದೇನೆ. ಲವ್‌ಡೇ ದೊಡ್ಡಮ್ಮ ಬೇಲಿಯಾಚೆಯಿಂದ ಕೇಳುತ್ತಿದ್ದಳು:

"ಹೇಗಿದ್ದಾನಂತೆ ಮಗಳೇ?"

"ತುಂಬಾ ಚೆನ್ನಾಗಿದ್ದಾನೆ ದೊಡ್ಡಮ್ಮ. ಒಂದನ್ನೂ ಬಿಡದೆ ಬೈದಿದ್ದಾನೆ."

ಅವನು ಹೋದ ಎರಡನೆಯ ವರ್ಷದ ಬೇಸಗೆಯಲ್ಲಿ ಒಂದು ಮಂಗಳವಾರ ಪಾದ್ರಿ ಲಿಡಿಯಾರ್ಡ್ ಅವರು ಬೀದಿಯಲ್ಲಿ ಕಾಣಿಸಿಕೊಂಡರು. ಆ ದಿನಗಳಲ್ಲಿ ಸಾವಿನ ತಂತಿಯನ್ನು ಪಾದ್ರಿಗಳ ಕೈಯಲ್ಲಿ ಕಳುಹಿಸುತ್ತಿದ್ದರು. ಆದ್ದರಿಂದ ವಾರದ ನಡುವೆ ಅವರು ಕರಿಯ ಕೋಟು ತೊಟ್ಟು ಹೊರಟರೆ ಬೀದಿಯ ಹೆಂಗಸರೆಲ್ಲ ಪರದೆಯ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದರು. ಪಾಪ, ಲಿಡಿಯಾರ್ಡ್ ಅವರು ಅಡಿಲೇಡಿನಿಂದ ಹೊಸದಾಗಿ ಬಂದ ಎಳೆಯ ಮನುಷ್ಯ. ಜೇಬೆಜ್ ಹೋದ ಮೇಲೆ ಬಂದವರು. ಅವರು ಟ್ಯಾಮ್ಸಿನಳ ಗೇಟು ತೆರೆದರು. ತಂತಿಯಲ್ಲಿ ಇದ್ದದ್ದು ಇಷ್ಟೆ: ಜೆ. ಟ್ರೆಸೈಸ್, ಯುದ್ಧದಲ್ಲಿ ಮೃತ.

ತಂತಿ ಬಂದಾಗ ಅವಳು ನಂಬಿದಳು. ಸೂತಕದ ಪದ್ಧತಿಯಂತೆ ಕಿಟಕಿಯ ಪರದೆ ಇಳಿಸಿದಳು, ಕರಿಯ ಉಡುಪು ತೊಟ್ಟಳು. ನಂಬಿಕೆ ಹೋದದ್ದು ಅಧಿಕಾರಿಯ ಕಾಗದ ಬಂದ ಮೇಲೆ. ಅದನ್ನು ಪಾದ್ರಿಗಳೇ ತಂದು, ಮುಂದಿನ ಕೋಣೆಯಲ್ಲಿ ನಿಂತು, ಗಂಭೀರವಾಗಿ ಓದಿದರು. 'ನಿಮ್ಮ ಪತಿ ಶಾಂತ ಸ್ವಭಾವದವರಾಗಿದ್ದರು. ಯಾವ ಕಷ್ಟಕ್ಕೂ ಗೊಣಗಿದವರಲ್ಲ. ಏನು ಬಡಿಸಿದರೂ ಸಂತೋಷದಿಂದ ಉಂಡರು. ಮೇಲಧಿಕಾರಿಗಳಿಗೆ ಎದುರಾಡಿದ್ದನ್ನು ಯಾರೂ ಕೇಳಿಲ್ಲ. ತಮ್ಮ ಸ್ಥಾನದಲ್ಲಿ ನಿಂತು, ತುಟಿ ಬಿಚ್ಚದೆ, ಪ್ರಾಣಾರ್ಪಣೆ ಮಾಡಿದರು.'

"ಇನ್ನೊಂದ್ಸಲ ಓದಿ," ಎಂದಳು ಟ್ಯಾಮ್ಸಿನ್.

ಪಾದ್ರಿಗಳು ಮತ್ತೆ ಓದಿದರು. ಈ ಸಲ ಇನ್ನಷ್ಟು ಭಾವಪೂರ್ಣವಾಗಿ.

ಟ್ಯಾಮ್ಸಿನ್ ಎದ್ದು ಪರದೆ ಎಳೆದು ಬೆಳಕು ಬಿಟ್ಟಳು. ಅವಳ ಮುಖ ಬೆಳಗುತ್ತಿತ್ತು.

"ಪಾದ್ರಿಗಳೇ, ಈ ಮಹಾನುಭಾವ ಯಾರೋ ನಂಗೆ ಗೊತ್ತಿಲ್ಲ. ಅವನ ಹೆಂಡತಿ ಪುಣ್ಯವಂತೆ. ದಯವಿಟ್ಟು ಈ ಕಾಗದ ಅವಳಿಗೆ ತಲುಪಿಸಿ."

"ಅಮ್ಮಾ..."

"ನಮ್ಮಲ್ಲಿ ಟ್ರೆಸೈಸ್ ಅನ್ನೋರು ಕಲ್ಲು ಹೊಡೆದ ಕಡೆ ಸಿಗ್ತಾರೆ. ಜಾನ್ ಟ್ರೆಸೈಸ್, ಜೋಸೆಫ್ ಟ್ರೆಸೈಸ್, ಜಾಬ್ ಟ್ರೆಸೈಸ್. ಈ ತಾಳ್ಮೆ ನೋಡಿದ್ರೆ ಇವನು ಜಾಬ್ ಇರಬೇಕು, ಬೈಬಲ್ಲಿನ ತಾಳ್ಮೆಗಾರನ ಹೆಸರಿನೋನು. ನಮ್ಮೋನು ತುಟಿ ಬಿಚ್ಚದೆ ಸಾಯೋದಾ? ನಿದ್ದೇಲೂ ದಿಂಬನ್ನ ಬೈತಿದ್ದ!"

ಪಾದ್ರಿಗಳು ಸೈನ್ಯದ ಕಚೇರಿಗೆ ಬರೆದು ವಿಚಾರಿಸಿದರು. ತಪ್ಪಾಗಿಲ್ಲ ಎಂದು ಉತ್ತರ ಬಂತು. "ತಪ್ಪು ಮಾಡಿದೋರನ್ನೇ ತಪ್ಪಾಯ್ತಾ ಅಂತ ಕೇಳಿದ್ರೆ ಇನ್ನೇನು ಹೇಳ್ತಾರೆ?" ಎಂದಳು ಟ್ಯಾಮ್ಸಿನ್. ಲವ್‌ಡೇ ದೊಡ್ಡಮ್ಮ ಮೆಲ್ಲನೆ ಹೇಳಿ ನೋಡಿದಳು:

"ಮಗಳೇ, ಸತ್ತೋರ ಬಗ್ಗೆ ನಾಲ್ಕು ಒಳ್ಳೆ ಮಾತು ಸೇರಿಸಿ ಬರೀತಾರೆ. ನನ್ನ ಗಂಡ ಸತ್ತಾಗ ಕುಡುಕನಲ್ಲ ಅಂತಾನೂ ಬರೆದಿದ್ರು."

"ನಾಲ್ಕು ಸೇರಿಸ್ಲಿ ದೊಡ್ಡಮ್ಮ. ಇವರು ಮನುಷ್ಯನನ್ನೇ ಬದಲಾಯಿಸಿದ್ದಾರೆ."

ಅವಳು ಕರಿಯ ಉಡುಪನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಕೆಂಪು ಹಣ್ಣುಗಳ ಗೊಂಚಲಿದ್ದ ಕಂದು ಟೋಪಿಯನ್ನು ಹೊರತೆಗೆದಳು. ವಿಧವೆಯ ಪಿಂಚಣಿ ಬಂದರೆ, ಬದುಕಿರುವವನ ಹೆಸರಲ್ಲಿ ತಿನ್ನಲಾರೆ ಎಂದು ಹಿಂದಕ್ಕೆ ಕಳುಹಿಸಿದಳು. ನೀರೇ ದುರ್ಲಭವಾದ ಆ ಊರಿನಲ್ಲಿ ಪರರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹೊಟ್ಟೆ ಹೊರೆದುಕೊಂಡಳು. ಬೆರಳುಗಳು ಬಿರಿದವು, ಸೊಂಟ ಬಗ್ಗಿತು. ಚಾಪೆಲ್ಲಿನಲ್ಲಿ ಮಡಿದವರ ಹೆಸರು ಓದುವಾಗ ಅವನ ಹೆಸರು ಬಂದೊಡನೆ ಎರಡನೆಯ ಸಾಲಿನಿಂದ 'ಬದುಕಿದ್ದಾನೆ' ಎಂಬ ಸ್ಪಷ್ಟವಾದ ದನಿ ಕೇಳುತ್ತಿತ್ತು. ಮೊದಮೊದಲು ಜನ ಕಣ್ಣೊರೆಸಿಕೊಂಡರು. ಬರಬರುತ್ತ ಪಾದ್ರಿಗಳು ಆ ಹೆಸರಿನ ನಂತರ ಅವಳಿಗೆಂದೇ ಸ್ವಲ್ಪ ಬಿಡುವು ಕೊಟ್ಟು ಓದುವುದನ್ನು ರೂಢಿಮಾಡಿಕೊಂಡರು.

ಯುದ್ಧ ಮುಗಿಯಿತು. ಸೈನಿಕರು ಮರಳಿ ಬರುವ ಪ್ರತಿಯೊಂದು ರೈಲಿಗೂ ಅವಳು ಕಂದು ಟೋಪಿ ತೊಟ್ಟು ಹೋದಳು. ಇಳಿದವರನ್ನೆಲ್ಲ ನೋಡಿ, ಖಾಲಿ ಬೋಗಿಗಳೊಳಗೂ ಇಣುಕಿ, ನಡೆದುಕೊಂಡು ಹಿಂದೆ ಬಂದಳು. 'ಟ್ಯಾಮ್ಸಿನಳಿಗೆ ತಲೆ ಕೆಟ್ಟಿದೆ' ಎಂದು ಊರು ಒಪ್ಪಿಕೊಂಡಿತ್ತು. ತಲೆ ಕೆಟ್ಟಿರಲಿಲ್ಲ. ಆ ಕಾಗದದ ಗಂಡನಿಗಾಗಿ ಅಳಲು ಅವಳಿಗೆ ಸಾಧ್ಯವಾಗಲಿಲ್ಲ, ಅಷ್ಟೆ. ಪರಪುರುಷನಿಗಾಗಿ ಹೇಗೆ ಅಳುವುದು?

ಕೊನೆಗೊಂದು ರೈಲಿನಲ್ಲಿ ಸ್ಯಾಮ್ಸನ್ ಕರ್ನೋ ಬಂದ. ಅವಳ ಟೋಪಿಯನ್ನು ದೂರದಿಂದಲೇ ಕಂಡು, ಆ ಕಡೆಯ ಬಾಗಿಲಿನಿಂದ ಹಳಿಯ ಮೇಲೆ ಧುಮುಕಿ, ಬೇಲಿ ಹಾರಿ ಮನೆಗೆ ಹೋದ. ಜರ್ಮನರ ಎದುರು ಮೂರು ವರ್ಷ ನಿಂತವನು ಒಬ್ಬ ಹೆಂಗಸಿನ ಟೋಪಿಗೆ ಹೆದರಿ ಓಡಿದ್ದನ್ನು ಕಂಡು ಸ್ಟೇಷನ್ ಮಾಸ್ತರರು ಬೆರಗಾದರು.

ಅದರ ಮುಂದಿನ ದಿನಗಳಲ್ಲಿ ಮೂಂಟಾದ ಜನಕ್ಕೆ ಒಳ್ಳೆಯ ತಮಾಷೆ ಸಿಕ್ಕಿತು. ಸ್ಯಾಮ್ಸನ್ ಬ್ರೆಡ್ಡಿನ ಅಂಗಡಿಗೆ ಹೋದರೆ ಟೋಪಿ ಹಿಂದೆ ಬರುತ್ತಿತ್ತು. ಅವನು ಹಿಂಬಾಗಿಲಿನಿಂದ ಹೋಗುತ್ತಿದ್ದ. ಚಾಪೆಲ್ಲಿನಲ್ಲಿ ಕೊನೆಯ 'ಆಮೆನ್' ಮುಗಿಯುವುದರೊಳಗೆ ಬಾಗಿಲಲ್ಲಿರುತ್ತಿದ್ದ. ಒಮ್ಮೆ ಅವಳು ಅವನ ಮನೆಗೇ ಹೋದಾಗ, ಅವನ ಹೆಂಡತಿ 'ಇಲ್ಲ ಅಕ್ಕ, ಹೊರಗೆ ಹೋಗಿದ್ದಾರೆ' ಎಂದಳು. ಕೋಳಿಗೂಡಿನಲ್ಲಿ ಯಾರೋ ಸೀನಿದರು.

ಒಂದು ಶನಿವಾರ ಮಧ್ಯಾಹ್ನ ಟ್ಯಾಮ್ಸಿನ್ ಊರಿನ ಬ್ಯಾಂಡಿನ ಮನೆಗೆ ನುಗ್ಗಿದಳು. ಸ್ಯಾಮ್ಸನ್ ಅಲ್ಲಿ ಹಿತ್ತಾಳೆ ವಾದ್ಯಗಳನ್ನು ಉಜ್ಜುತ್ತ ಕುಳಿತಿದ್ದವನು ಎಲ್ಲಕ್ಕಿಂತ ದೊಡ್ಡ ಕೊಂಬಿನ ಹಿಂದೆ ಅವಿತುಕೊಂಡ. ಅವನು ಇಡಿಯಾಗಿ ಅದರ ಹಿಂದೆ ಹಿಡಿಸಿದ. ಬೂಟುಗಳು ಮಾತ್ರ ಹೊರಗುಳಿದವು.

"ಸ್ಯಾಮ್ಸನ್, ಕೊಂಬಿಗೆ ಬೂಟು ಯಾವಾಗ ಹಾಕಿಸಿದ್ರಿ?"

ಸ್ಯಾಮ್ಸನ್ ಮೆಲ್ಲಗೆ ಹೊರಬಂದ. ಯುದ್ಧಕ್ಕೆ ಹೋಗುವ ಮೊದಲೇ ಸಣ್ಣವನು, ಈಗ ಇನ್ನೂ ಸೊರಗಿದ್ದ.

"ಕೂತ್ಕೋ. ಜೇಬೆಜ್ ಎಲ್ಲಿ?"

"ಟ್ಯಾಮ್ಸಿನ್ ಅಕ್ಕ... ಅಣ್ಣ ಹೋಗ್ಬಿಟ್ಟ."

"ನೀನು ಕಣ್ಣಾರೆ ನೋಡಿದ್ಯಾ?"

"ನೋಡ್ದೆ." ಸ್ಯಾಮ್ಸನ್ ಕೈಯಲ್ಲಿದ್ದ ಬಟ್ಟೆಯ ಚೂರನ್ನು ಹಿಂಡುತ್ತ, ಎಲ್ಲೋ ಬಾಯಿಪಾಠ ಮಾಡಿದಂತೆ ಶುರುಮಾಡಿದ. "ಅಣ್ಣ ಧೀರನಾಗಿ ಹೋದ. ತನ್ನ ಜಾಗದಲ್ಲೇ ನಿಂತಿದ್ದ. ಕದಲ್ಲಿಲ್ಲ."

"ಏನಂದ?"

"ಏನೂ ಅನ್ಲಿಲ್ಲ ಅಕ್ಕ. ಶಾಂತವಾಗಿ..."

"ಊಟ ಹೇಗಿತ್ತು ಅಲ್ಲಿ?"

ಈ ಪ್ರಶ್ನೆಗೆ ಸ್ಯಾಮ್ಸನ್ ಬೆಚ್ಚಿಬಿದ್ದ. "ಊಟ... ಊಟ ಚೆನ್ನಾಗಿತ್ತು ಅಕ್ಕ. ಅಣ್ಣ ಒಂದು ದಿನಾನೂ ಏನೂ ಅಂದೋನಲ್ಲ. ಕೊಟ್ಟದ್ದನ್ನ ತಿಂದು ಸುಮ್ಮನಿರ್ತಿದ್ದ."

ಟ್ಯಾಮ್ಸಿನ್ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ಹೊಳೆಯತೊಡಗಿತು.

"ದೇವ್ರು ದೊಡ್ಡೋನು! ಸ್ಯಾಮ್ಸನ್, ನೀನೂ ಆ ಬೇರೆ ಟ್ರೆಸೈಸ್‌ನೇ ನೋಡಿದ್ದು! ಕತ್ತಲು, ಕೆಸರು, ಮುಖ ಕಾಣಿಸಿರಲ್ಲ. ಹಾಗಾದ್ರೆ ನಮ್ಮೋನು ಎಲ್ಲೋ ಆಸ್ಪತ್ರೇಲಿ ಇರಬೇಕು. ಜ್ಞಾಪಕ ತಪ್ಪಿರಬೇಕು. ನಾನೇ ಹೋಗ್ತೀನಿ. ಮನೆ ಸಾಮಾನು ಮಾರಿಯಾದ್ರೂ ಹಡಗು ಹತ್ತುತ್ತೀನಿ..."

ಅವಳು ಆಗಲೇ ಟೋಪಿಯನ್ನು ಸರಿಪಡಿಸಿಕೊಂಡು ಬಾಗಿಲ ಕಡೆ ಹೊರಟಿದ್ದಳು. ಸ್ಯಾಮ್ಸನ್ ಅವಳ ಮುಖವನ್ನು ನೋಡಿದ. ತಾನು ಕರುಣೆಯೆಂದುಕೊಂಡು ಹೇಳಿದ್ದು ಏನು ಮಾಡಿತೆಂಬುದು ಅವನಿಗೆ ಆಗ ತಿಳಿಯಿತು.

"ಅಕ್ಕ, ನಿಂತ್ಕೋ," ಎಂದು ಕೂಗಿದ. "ಕ್ಯಾರೆಟ್ ಅಕ್ಕ! ಕ್ಯಾರೆಟ್!"

ಟ್ಯಾಮ್ಸಿನ್ ತಿರುಗಿದಳು. "ಏನು ಕ್ಯಾರೆಟ್?"

"ಪಾಸ್ಟೀಲಿ ಕ್ಯಾರೆಟ್ ಹಾಕಿದ್ರು."

ಟ್ಯಾಮ್ಸಿನ್ ಅರಿವಿಲ್ಲದೆ ಕೈಯನ್ನು ಬಾಯಿಗೆ ಒಯ್ದಳು. ಕಾರ್ನಿಷ್ ಹೆಂಗಸಿನ ಎದುರು ಹೇಳುವ ಮಾತೇ ಅದು! ಪಾಸ್ಟಿಗೆ ಟರ್ನಿಪ್ ಗೆಡ್ಡೆ ಹಾಕುವುದುಂಟು. ಕ್ಯಾರೆಟ್ ಹಾಕುವವರನ್ನು ಆ ಜನ ಮನೆಯೊಳಗೆ ಸೇರಿಸುವುದಿಲ್ಲ.

"ಯಾವ ಪಾಪಿ?"

"ಹೊಸ ಅಡಿಗೆಯೋನು, ಮೆಲ್ಬರ್ನ್ ಕಡೆಯೋನು. ಒಳ್ಳೆ ಹುಡುಗ ಅಕ್ಕ. ಕಾರ್ನಿಷ್‌ನೋರು ಇದ್ದಾರಲ್ಲ, ಅವರ ತಿಂಡಿ ಮಾಡೋಣ ಅಂತ ಪಾಪ ಪಾಸ್ಟಿ ಮಾಡಿದ್ದ. ಬೆಳಿಗ್ಗೆ ಪಾಳಿ ಮುಗಿಸಿ ಸುರಂಗದಿಂದ ಮೇಲೆ ಬಂದ್ವಿ. ಎಲ್ಲರೂ ಮಲಗೋಕೆ ಹೋದ್ರು. ಅಣ್ಣನೂ ಹೋಗಬೇಕಿತ್ತು. ಒಂದು ತುತ್ತು ಕಚ್ಚಿದ, ನೋಡು... ಮುಖ ಹಾಗೇ ನಿಂತ್ಹೋಯ್ತು. ಒಳಗಿಂದ ಕಿತ್ತಳೆ ಬಣ್ಣದ ಚೂರು ತೆಗೆದು ಬೆಳಕಿಗೆ ಹಿಡಿದ. 'ಸ್ಯಾಮ್ಸನ್, ಇದೇನು?' ಅಂದ. 'ಅಣ್ಣ, ಮಲಗೋಣ ಬಾ' ಅಂದೆ. 'ಇದನ್ನ ನೋಡಿದ ಮೇಲೆ ನಿದ್ದೆ ಹೇಗೋ ಬರುತ್ತೆ?' ಅಂತ ಸೀದಾ ಅಡಿಗೆಯೋನ ಗುಡಿಸಲಿಗೆ ಹೋದ."

ಟ್ಯಾಮ್ಸಿನ್ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. "ಹೂಂ. ಹೋಗಿ?"

"ಹೋಗಿ ಪಾಸ್ಟಿನ ಮೇಜಿನ ಮೇಲೆ ಇಟ್ಟ. ಸತ್ತ ಇಲಿ ಇಟ್ಟ ಹಾಗೆ. 'ತಮ್ಮಾ, ನಿಂಗೆ ತಾಯಿ ಇದ್ದಾಳಾ?' ಅಂದ. ಅವನು ಇದ್ದಾಳೆ ಅಂದ. 'ಅವಳಿಗೆ ಇದು ಗೊತ್ತಾ?' ಅಂದ."

ಟ್ಯಾಮ್ಸಿನಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಏನೋ ಸ್ಯಾಮ್ಸನ್ನನಿಗೆ ತಿಳಿಯಲಿಲ್ಲ. ಅವನು ನಿಲ್ಲಿಸಲಿಲ್ಲ; ಎರಡು ವರ್ಷ ಒಳಗಿಟ್ಟುಕೊಂಡಿದ್ದ ಮಾತು, ಈಗ ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಅವನಿಗೆ ಗೊತ್ತಿತ್ತು.

"ಅಲ್ಲಿಂದ ಪಾಠ ಶುರು ಆಯ್ತು. ಹಿಟ್ಟು ಹೇಗೆ ಕಲಸ್ಬೇಕು, ಮಾಂಸ ಕೊಚ್ಚಬಾರ್ದು, ಹೆಚ್ಚಬೇಕು. 'ನನ್ನ ಟ್ಯಾಮಿ ಮಾಡ್ತಾಳೆ ಪಾಸ್ಟಿ, ಇಪ್ಪತ್ತೆರಡು ವರ್ಷದ ಮೇಲೂ ಕಲೀತಾನೇ ಇದ್ದಾಳೆ, ನೀನು ಒಂದೇ ದಿನಕ್ಕೆ ಕಲ್ತೆ ಅಂತೀಯಾ?' ಅಂದ. ಉಗ್ರಾಣದಲ್ಲಿ ಟರ್ನಿಪ್ ಇದೆ ಅಂತ ಗೊತ್ತಾದ ಮೇಲಂತೂ ಕೇಳ್ಬೇಡ. 'ಇಟ್ಕೊಂಡೂ ಹಾಕ್ಲಿಲ್ವಾ? ಹೋಗು, ತಗೊಂಡ್ಬಾ' ಅಂತ ಹುಡುಗನ್ನ ಅಟ್ಟಿದ. ನಂಗೆ, 'ನೀನೂ ಹೋಗು ಸ್ಯಾಮ್ಸನ್, ಈ ಮನುಷ್ಯ ಮೂಲಂಗಿ ತಂದ್ರೂ ತಂದಾನು' ಅಂದ. ಹೌದಣ್ಣ ಅಂತ ಹೋದೆ. ಹಿಂದಿನಿಂದ ಕೂಗ್ತಾನೇ ಇದ್ದ. ಮೆತ್ತಗಿರೋದು ತರಬೇಡಿ, ಹೆಬ್ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಇನ್ನೊಂದು ವಿಷಯ..."

ಸ್ಯಾಮ್ಸನ್ ನಿಲ್ಲಿಸಿದ.

"ಇನ್ನೊಂದು ವಿಷಯ?" ಎಂದಳು ಟ್ಯಾಮ್ಸಿನ್.

"ಅಷ್ಟೇ ಅಕ್ಕ. ಎಲ್ಲಿಂದಲೋ ದಾರಿ ತಪ್ಪಿದ ಒಂದು ಫಿರಂಗಿ ಷೆಲ್ ಬಂದು ಬಿತ್ತು. ಗುಡಿಸಲು ಇದ್ದ ಕಡೆ ಗುಡಿಸಲಿರ್ಲಿಲ್ಲ. ನಾವಿಬ್ರೂ ಟರ್ನಿಪ್ ಹಿಡ್ಕೊಂಡು ನಿಂತಿದ್ವಿ." ಅವನು ಕಣ್ಣನ್ನು ಒರಟಾಗಿ ಒರೆಸಿಕೊಂಡ. "ಅಧಿಕಾರಿಗೆ ಏನಂತ ಹೇಳ್ಲಿ? ಊರಲ್ಲಿ ಏನಂತ ಹೇಳ್ಲಿ? ಬೇರೆಯೋರ ಗಂಡಂದಿರು ದೇಶಕ್ಕೆ ಸತ್ರು, ನಿನ್ನ ಗಂಡ ಕ್ಯಾರೆಟ್‌ಗೆ ಸತ್ತ ಅನ್ಲಾ? ಟರ್ನಿಪ್ ತರೋಕೆ ಹೋಗಿ ನಾನು ಬದುಕಿದೆ ಅನ್ಲಾ?"

ಟ್ಯಾಮ್ಸಿನ್ ತನ್ನ ಬಿರಿದ ಬೆರಳುಗಳನ್ನೇ ನೋಡುತ್ತ ಕುಳಿತಳು. ಆಮೇಲೆ ಟೋಪಿಯ ಸೂಜಿ ಕಿತ್ತು, ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅದು ಅವನೇ," ಎಂದಳು. "ಅವನೇ ಕಣೋ."

ಅಂದೇ ಅವಳು ಕಿಟಕಿಯ ಪರದೆ ಇಳಿಸಿದಳು. ಎರಡು ವರ್ಷ ತಡವಾಗಿ ಟ್ರೆಸೈಸ್ ಮನೆಯಲ್ಲಿ ಸೂತಕ ಶುರುವಾಯಿತು. ಊರಿನ ಪದ್ಧತಿಯಂತೆ ಅಕ್ಕಪಕ್ಕದವರು ಕೇಸರಿ ಕೇಕು ಹಿಡಿದು ಬಂದು, ಗೋಡೆಗೆ ಒರಗಿದ ಕುರ್ಚಿಗಳಲ್ಲಿ ಸಾಲಾಗಿ ಕುಳಿತರು. ಕ್ಯಾರೆಟ್ಟಿನ ಕಥೆ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಯಾರಿಗೂ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಪಾದ್ರಿ ಲಿಡಿಯಾರ್ಡ್ ಅವರು ಚಹಾದ ಬಟ್ಟಲನ್ನು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು.

ಮೊದಲು ಬಾಯಿಬಿಟ್ಟವಳು ಲವ್‌ಡೇ ದೊಡ್ಡಮ್ಮ.

"ನನ್ನ ಹೊಗೆಗೂಡು ಎಡಕ್ಕೆ ವಾಲಿದೆ ಅಂತಿದ್ದ. ಹದಿನೈದು ವರ್ಷ ಅದನ್ನೇ ಅಂದ. ಹೋದ ತಿಂಗಳು ಬಿತ್ತು."

"ಎಡಕ್ಕಾ?" ಎಂದು ಯಾರೋ ಕೇಳಿದರು.

"ಬಲಕ್ಕೆ! ಇದ್ದಿದ್ರೆ ಅದಕ್ಕೂ ಒಂದು ಮಾತು ಅಂತಿದ್ದ."

ಮೂಲೆಯಲ್ಲೊಬ್ಬರು ಕಿಸಕ್ಕೆಂದರು. ಬ್ರೆಡ್ಡಿನ ಅಂಗಡಿಯವನು ತನ್ನ ಮಗನ ನಾಮಕರಣದಲ್ಲಿ ಜೇಬೆಜ್ ಮಗುವನ್ನು ಎತ್ತಿಕೊಂಡು, 'ಚೆನ್ನಾಗಿದೆ, ಆದ್ರೆ ಇನ್ನೂ ಸ್ವಲ್ಪ ಹೊತ್ತು ಬೇಯಬೇಕಿತ್ತು' ಎಂದದ್ದನ್ನು ಹೇಳಿದ. ಬ್ಯಾಂಡಿನ ಮುಖಂಡ ತನ್ನ ಮೀಸೆಯ ಎರಡು ತುದಿಗಳ ಬಗ್ಗೆ ಬಂದ ಟೀಕೆಯನ್ನು ಹೇಳಿದ. ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳತೊಡಗಿದರು. ಜೇಬೆಜ್ ತನ್ನಲ್ಲಿ ಕಂಡ ತಪ್ಪೇ ದೊಡ್ಡದೆಂದು ವಾದಿಸುವವರೂ ಹುಟ್ಟಿಕೊಂಡರು. ಸೂತಕದ ಮನೆಯಲ್ಲಿ ಕಿಟಕಿಯ ಗಾಜು ನಡುಗುವಂತೆ ನಗು ಎದ್ದಿತು. ಸ್ಯಾಮ್ಸನ್ ನಗುತ್ತ ಕುರ್ಚಿಯಿಂದ ಜಾರಿ ಬಿದ್ದ.

ನಗು ಸ್ವಲ್ಪ ತಗ್ಗಿದಾಗ ಪಾದ್ರಿಗಳು ಸಣ್ಣ ದನಿಯಲ್ಲಿ ಹೇಳಿದರು:

"ನಾನೊಬ್ಬನೇ ಅವರನ್ನ ನೋಡ್ಲಿಲ್ಲ. ನನ್ನಲ್ಲಿ ಏನು ತಪ್ಪು ಹುಡುಕ್ತಿದ್ರೋ ಏನೋ."

"ಅದಕ್ಯಾಕೆ ಬೇಜಾರು ಪಾದ್ರಿಗಳೇ," ಎಂದಳು ಲವ್‌ಡೇ ದೊಡ್ಡಮ್ಮ, "ಪಟ್ಟಿ ಮಾಡೋಕೆ ನಾವಿಲ್ವಾ?"

ಟ್ಯಾಮ್ಸಿನ್ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತ ನಗುತ್ತ ಏಪ್ರನ್ನಿನ ಅಂಚನ್ನು ಮುಖಕ್ಕೆ ಒತ್ತಿಕೊಂಡಳು. ಅದನ್ನು ಮತ್ತೆ ಇಳಿಸಲಿಲ್ಲ. ಅವಳ ಭುಜಗಳು ಅಲುಗುತ್ತಲೇ ಇದ್ದವು, ಆದರೆ ನಗುವಿನ ಸದ್ದು ನಿಂತಿತ್ತು. ಸ್ಯಾಮ್ಸನ್ನನ ಹೆಂಡತಿ ಏಳಹೋದಾಗ ಲವ್‌ಡೇ ದೊಡ್ಡಮ್ಮ ಅವಳ ಕೈ ಹಿಡಿದು ಕೂರಿಸಿದಳು. ಒಳಗೆ ಒಲೆಯ ಮೇಲೆ ಕೆಟಲಿನ ನೀರು ಕುದಿದು ಕುದಿದು ಇಂಗುತ್ತಿತ್ತು. ಒಂದು ಹನಿ ನೀರನ್ನೂ ವ್ಯರ್ಥ ಮಾಡದ ಆ ಊರಿನವರು ಅದನ್ನು ಕೇಳುತ್ತ, ಯಾರೂ ಏಳದೆ, ಟ್ಯಾಮ್ಸಿನಳ ಜೊತೆ ಕುಳಿತರು.